ಜಗಲಿ ಹತ್ತದ ಕರಿಯ

ಕೇಳುಗರಿಗೆಲ್ಲ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳ ಜಡಿಮಳೆ. ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹಸುವಿನ ಕೆಚ್ಚಲು ಬಾವು ನೋಡಲು ಹೋಗಿದ್ದೆ. ಆ ಮನೆಗೆ ಹೋಗಬೇಕಾದರೆ ಮೊದಲು ಕರಿಯನ ಒಪ್ಪಿಗೆ ಸಿಗಬೇಕು. ನಾನು ದಣಪೆ ದಾಟುವಷ್ಟರಲ್ಲಿ ಅವನು ಜಗಲಿಯಿಂದ ಹಾರಿ, ಅಂಗಳ ದಾಟಿ ಬಂದು ನನ್ನ ಚೀಲ ಮೂಸುತ್ತಿದ್ದ. ಆವತ್ತು ಬರಲಿಲ್ಲ. ಬೊಗಳಿದ, ಆದರೆ ಮಲಗಿದಲ್ಲಿಂದಲೇ. ಅದೂ ಜಗಲಿಯ ಮೇಲಿಂದಲ್ಲ. ಕೆಳಗೆ, ಬಚ್ಚಲೊಲೆಯ ಬಿಸಿ ಬೂದಿಯ ಪಕ್ಕದಿಂದ.

"ಏನಮ್ಮ, ಕರಿಯನಿಗೆ ಹುಷಾರಿಲ್ವಾ?" ಅಂತ ಕೇಳಿದೆ.

"ಹಂಗೇನಿಲ್ಲ ಡಾಕ್ಟ್ರೇ. ವಯಸ್ಸಾಯ್ತು. ಹದಿನೈದು ದಿನ ಆಯ್ತು, ಜಗಲಿ ಹತ್ತೋದೇ ಬಿಟ್ಟಿದಾನೆ. ಊಟ ಮಾತ್ರ ಮಾಡ್ತಾನೆ" ಅಂದರು ಆ ಮನೆಯ ಅಮ್ಮ.

ಕರಿಯನಿಗೆ ಆಗ 6 ವರ್ಷ. ನಾಯಿಗೆ ಅದೇನೂ ಮುದಿ ವಯಸ್ಸಲ್ಲ. ಹಸುವಿಗೆ ಮದ್ದು ಕೊಟ್ಟು ಮುಗಿಸಿ, ಅವನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಹೆಗಲಿನ ಹತ್ತಿರದಿಂದ ಶುರುಮಾಡಿ, ಬೆನ್ನುಮೂಳೆಯ ಎರಡೂ ಪಕ್ಕ ಬೆರಳಿನಿಂದ ಮೆತ್ತಗೆ ಒತ್ತುತ್ತಾ ಹಿಂದಕ್ಕೆ ಬಂದೆ. ಪಕ್ಕೆಲುಬು ಮುಗಿಯುವ ಜಾಗಕ್ಕೆ ಬೆರಳು ಬಂದಾಗ ಚರ್ಮ ಒಮ್ಮೆ ಅದುರಿತು. ಹೊಟ್ಟೆ ಹಲಗೆಯ ಹಾಗೆ ಬಿಗಿಯಾಯಿತು. ಕರಿಯ ಕೂಗಲಿಲ್ಲ, ಕಚ್ಚಲೂ ಬರಲಿಲ್ಲ. ಕತ್ತು ತಿರುಗಿಸಿ ನನ್ನ ಕೈಯನ್ನು ನೋಡಿದ. ಅಷ್ಟೆ.

ಹದಿನೈದು ದಿನದಿಂದ ಅವನಿಗೆ ಬೆನ್ನು ನೋಯುತ್ತಿತ್ತು. ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಆ ಮನೆಯವರು ನಾಯಿಯನ್ನು ಅಸಡ್ಡೆ ಮಾಡುವವರಲ್ಲ. ಆದರೆ ನೋವಾದರೆ ನಾಯಿ ಕುಂಯ್ ಅನ್ನುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಬೆನ್ನುನೋವಿನ ನಾಯಿ ಎಷ್ಟೋ ಸಲ ಕೂಗುವುದಿಲ್ಲ. ಮಾಡುತ್ತಿದ್ದ ಒಂದೊಂದೇ ಕೆಲಸವನ್ನು ಬಿಡುತ್ತಾ ಬರುತ್ತದೆ.

ಏನೇನು ಬಿಡುತ್ತದೆ ಅಂತ ಸ್ವಲ್ಪ ನೋಡೋಣ. ಮೊದಲು ಹಾರುವುದನ್ನು ಬಿಡುತ್ತದೆ. ಜಗಲಿ, ಮಂಚ, ಜೀಪಿನ ಹಿಂಬದಿ, ಹೀಗೆ. ಆಮೇಲೆ ಮೆಟ್ಟಿಲ ಹತ್ತಿರ ನಿಂತು ಯೋಚನೆ ಮಾಡುತ್ತದೆ. ಮೈ ಕೊಡವುವುದು ಕಡಿಮೆಯಾಗುತ್ತದೆ. ಮಳೆಯಲ್ಲಿ ನೆನೆದು ಬಂದ ನಾಯಿ ತಲೆಯಿಂದ ಬಾಲದವರೆಗೆ ಕೊಡವಬೇಕಲ್ವಾ? ಇದು ತಲೆ ಮಾತ್ರ ಕೊಡವಿ ನಿಲ್ಲಿಸುತ್ತದೆ. ಮಲಗುವ ಮೊದಲು ಜಾಸ್ತಿ ಸುತ್ತುತ್ತದೆ, ಎದ್ದಾಗ ಬೆನ್ನು ಕಮಾನಿನ ಹಾಗೆ ಬಾಗಿರುತ್ತದೆ. ಕುತ್ತಿಗೆಯಲ್ಲಿ ನೋವಿದ್ದರೆ ತಲೆ ಬಗ್ಗಿಸಿ ತಟ್ಟೆಗೆ ಬಾಯಿ ಹಾಕಲು ಆಗುವುದಿಲ್ಲ. ಮನೆಯವರು ಊಟ ಸೇರುತ್ತಿಲ್ಲ ಅಂದುಕೊಳ್ಳುತ್ತಾರೆ. ತಟ್ಟೆಯನ್ನು ಎದೆಯ ಎತ್ತರಕ್ಕೆ ಹಿಡಿದು ನೋಡಿ, ತಿಂದರೂ ತಿನ್ನಬಹುದು. ಮಕ್ಕಳ ಜೊತೆ ಆಡಿಕೊಂಡಿದ್ದ ನಾಯಿ ಎತ್ತಿಕೊಳ್ಳಲು ಹೋದಾಗ ಗುರ್ ಅಂದರೆ, ಅದಕ್ಕೆ ಹೊಡೆಯಬೇಡಿ. ಎಲ್ಲಿ ಮುಟ್ಟಿದಾಗ ಗುರ್ ಅಂದಿತು ಅಂತ ನೆನಪಿಟ್ಟುಕೊಳ್ಳಿ.

ಇನ್ನೊಂದು ಗುರುತು ಕಿವಿಗೆ ಸಿಗುತ್ತದೆ. ಸಿಮೆಂಟಿನ ಅಂಗಳದಲ್ಲಿ ನಾಯಿ ನಡೆದು ಹೋಗುವಾಗ ಹಿಂಗಾಲಿನ ಉಗುರು ಚರ್ ಚರ್ ಅಂತ ಉಜ್ಜುವ ಸದ್ದು ಬಂದರೆ, ಅದು ಬರೀ ನೋವಲ್ಲ. ಬೆನ್ನುಹುರಿಯಿಂದ ಕಾಲಿಗೆ ಹೋಗುವ ಸುದ್ದಿ ತಡವಾಗುತ್ತಿದೆ ಅಂತ ಅರ್ಥ. ಆಗ ಒಂದು ಸಣ್ಣ ಪರೀಕ್ಷೆ ಮಾಡಬಹುದು. ನಾಯಿಯನ್ನು ನಿಲ್ಲಿಸಿ, ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು, ಹಿಂಗಾಲಿನ ಪಾದವನ್ನು ಮೆತ್ತಗೆ ಮಡಚಿ, ಪಾದದ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಾಗಿರುವ ನಾಯಿ ತಕ್ಷಣ ಪಾದ ತಿರುಗಿಸಿ ಸರಿಯಾಗಿ ಊರುತ್ತದೆ. ಹಾಗೇ ಮಡಚಿಕೊಂಡು ನಿಂತರೆ ಅವತ್ತೇ ಡಾಕ್ಟರ ಹತ್ತಿರ ಹೊರಡಿ.

ಯಾಕೆ ಹೀಗಾಗುತ್ತದೆ? ನಾಯಿಯ ಬೆನ್ನು ಉದ್ದ. ಕುತ್ತಿಗೆಯಲ್ಲಿ 7 ಮೂಳೆ, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7. ನಮಗೆ ಸೊಂಟದಲ್ಲಿ ಇರುವುದು 5 ಮಾತ್ರ. ಈ ಮೂಳೆಗಳ ನಡುವೆ ಮೆತ್ತೆಯ ಹಾಗೆ ಡಿಸ್ಕ್ ಇರುತ್ತದೆ. ಹೊರಗೆ ಗಟ್ಟಿ ನಾರಿನ ಬಳೆ, ಒಳಗೆ ಮೆದುವಾದ ತಿರುಳು. ಎಳನೀರಿನ ಗಂಜಿ ನೋಡಿದ್ದೀರಲ್ಲ, ಚಿಕ್ಕ ವಯಸ್ಸಿನಲ್ಲಿ ಆ ತಿರುಳು ಹಾಗಿರುತ್ತದೆ. ವರ್ಷ ಕಳೆದ ಹಾಗೆ ಒಣಗಿ ಕೊಬ್ಬರಿಯಾಗುತ್ತದೆ. ಕೊಬ್ಬರಿಯಾದ ಮೇಲೆ ಒಂದು ಏಟು, ಒಂದು ಜಿಗಿತ ಸಾಕು. ಬಳೆ ಹರಿದು ತಿರುಳು ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲೇ ಇದು ಜಾಸ್ತಿ.

ಡ್ಯಾಷ್‌ಹಂಡ್ ಅಂತ ಗಿಡ್ಡ ಕಾಲಿನ ಉದ್ದ ಮೈಯ ನಾಯಿ ಬರುತ್ತದಲ್ಲ, ಅದರ ಡಿಸ್ಕು ಹುಟ್ಟಿದ ವರ್ಷದಿಂದಲೇ ಗಟ್ಟಿಯಾಗಲು ಶುರುವಾಗುತ್ತದೆ. ಕಾಲು ಗಿಡ್ಡವಾಗಿಸುವ ಗುಣದ ಜೊತೆಗೇ ಈ ತೊಂದರೆಯೂ ಬರುತ್ತದೆ. 3ರಿಂದ 7 ವರ್ಷದ ಒಳಗೆ ಅದಕ್ಕೆ ಬೆನ್ನು ಹಿಡಿಯುವುದು ಹೆಚ್ಚು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಥರದ ದೊಡ್ಡ ನಾಯಿಗಳಲ್ಲಿ ಇದು ವಯಸ್ಸಾದ ಮೇಲೆ, ನಿಧಾನವಾಗಿ ಬರುತ್ತದೆ. ನಮ್ಮ ಊರುನಾಯಿಗಳಿಗೆ ಬೇರೆ ಕಾರಣಗಳೇ ಜಾಸ್ತಿ. ಬೈಕು ತಾಗುತ್ತದೆ, ಕಾಡುಹಂದಿ ತಿವಿಯುತ್ತದೆ, ಕಡಿದಾದ ಮಣ್ಣಿನ ಧರೆಯಿಂದ ಜಾರುತ್ತವೆ.

ಉಣುಗಿನ ಜ್ವರವನ್ನೂ ಮರೆಯಬಾರದು. ಮಂಗನ ಕಾಯಿಲೆ ಕಂಡ ನಾಡಿನವರಿಗೆ ಉಣುಗಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ನಾಯಿಗೆ ಹತ್ತುವ ಉಣುಗು ಬೇರೆ ಜಾತಿಯ ಕಾಯಿಲೆಗಳನ್ನೂ ತರುತ್ತದೆ. ಅದರಲ್ಲಿ ಕೀಲು ನೋಯುತ್ತದೆ, ನಾಯಿ ಬೆನ್ನು ಬಾಗಿಸಿ ಬಿಗಿಯಾಗಿ ನಡೆಯುತ್ತದೆ. ಜ್ವರವಿದ್ದು, ಒಸಡು ಬಿಳಿಚಿಕೊಂಡಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಪ್ಪನೆಯ ಡ್ಯಾಷ್‌ಹಂಡ್ ತಂದಿದ್ದರು. ಬೆನ್ನು ಬಾಗಿತ್ತು, ಹೊಟ್ಟೆ ಮುಟ್ಟಿದರೆ ಗಟ್ಟಿ. ಹೊಟ್ಟೆನೋವು ಅಂತ ತೀರ್ಮಾನ ಮಾಡಿ ಜಂತುಹುಳದ ಔಷಧಿ ಕೊಟ್ಟು ಕಳಿಸಿದೆ. ಮೂರನೇ ದಿನ ಅದು ಎರಡೂ ಹಿಂಗಾಲು ಎಳೆದುಕೊಂಡು ಬಂತು. ಹೊಟ್ಟೆ ಬಿಗಿಯಾಗಿದ್ದದ್ದು ಬೆನ್ನನ್ನು ಕಾಪಾಡಿಕೊಳ್ಳಲು. ಆ ನಾಯಿಯ ಕಣ್ಣು ನನಗೆ ಈಗಲೂ ಮರೆತಿಲ್ಲ. ಅಲ್ಲಿಂದ ಮುಂದೆ ಹೊಟ್ಟೆನೋವು ಅಂತ ಬಂದ ಯಾವ ನಾಯಿಯ ಬೆನ್ನನ್ನೂ ಮುಟ್ಟದೆ ಕಳಿಸಿಲ್ಲ. ಇದರ ತಿರುಗುಮುರುಗೂ ನಿಜ. ಬೆನ್ನು ಬಾಗಿದ್ದಕ್ಕೆ ಹೊಟ್ಟೆಯ ಅಥವಾ ಮೂತ್ರಕೋಶದ ಕಾಯಿಲೆಯೂ ಕಾರಣವಾಗಿರಬಹುದು. ಅದಕ್ಕೇ ಮನೆಯಲ್ಲಿ ಕೂತು ಕಾಯಿಲೆಗೆ ಹೆಸರಿಡುವುದು ಬೇಡ ಅನ್ನುವುದು.

ಮನೆಯಲ್ಲಿ ಮಾಡಬಾರದ್ದು ಒಂದಿದೆ, ಕೈ ಮುಗಿದು ಹೇಳುತ್ತೇನೆ. ನಮ್ಮ ನೋವಿನ ಮಾತ್ರೆಯನ್ನು ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಕಪ್ಪಗೆ ಟಾರಿನ ಹಾಗೆ ಭೇದಿಯಾದರೆ ಒಳಗೆ ರಕ್ತ ಹೋಗುತ್ತಿದೆ ಅಂತ ಅರ್ಥ. ಪ್ಯಾರಾಸಿಟಮಾಲನ್ನೂ ನೀವಾಗಿ ಕೊಡಬೇಡಿ. ನಾಯಿಗೇ ಅಂತ ಔಷಧಿಗಳಿವೆ. ಕಾರ್ಪ್ರೊಫೆನ್, ಮೆಲಾಕ್ಸಿಕ್ಯಾಮ್‌ನಂಥವನ್ನು ಡಾಕ್ಟರು ತೂಕ ನೋಡಿ ಕೊಡುತ್ತಾರೆ. ಅದರ ಜೊತೆ ಸ್ಟೀರಾಯ್ಡ್ ಸೇರಬಾರದು. ಹಾಗಾಗಿ ಮೊದಲು ಬೇರೆಯವರು ಚುಚ್ಚುಮದ್ದು ಕೊಟ್ಟಿದ್ದರೆ ಹೇಳಿ. ನೋವಿನ ಎಣ್ಣೆ, ಬಾಮು ಹಚ್ಚಿದರೆ ನಾಯಿ ನೆಕ್ಕುತ್ತದೆ, ಕರ್ಪೂರ ಹೊಟ್ಟೆಗೆ ಹೋಗುತ್ತದೆ. ನೀವಿ ಎಳೆಯುವುದು, ಬರೆ ಹಾಕುವುದು, ಇವೆಲ್ಲ ಖಂಡಿತ ಬೇಡ.

ಹಾಗಾದರೆ ಮನೆಯವರ ಕೈಯಲ್ಲಿ ಏನಿದೆ? ದೊಡ್ಡ ಔಷಧಿಯೇ ಇದೆ. ಅದು ನಾಯಿಯನ್ನು ಅಲುಗದ ಹಾಗೆ ಇಡುವುದು. ಹರಿದ ಡಿಸ್ಕಿನ ಬಳೆ ಕೂಡಿಕೊಳ್ಳಲು 4ರಿಂದ 6 ವಾರ ಬೇಕು. ಅಷ್ಟೂ ದಿನ ನಾಯಿ ಒಂದು ಸಣ್ಣ ಜಾಗದಲ್ಲಿರಬೇಕು. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ಜಾಗ, ಓಡಲು ಆಗದಷ್ಟು. ಕೊಟ್ಟಿಗೆಯ ಮೂಲೆಗೆ ಬಿದಿರಿನ ತಟ್ಟಿ ಅಡ್ಡ ಕಟ್ಟಿದರೆ ಆಯಿತು. ಕೆಳಗೆ ಗೋಣಿಚೀಲ ಎರಡು ಮಡಿಕೆ, ಮೇಲೆ ಹಳೇ ಕಂಬಳಿ. ಮಳೆಗಾಲದಲ್ಲಿ ನೆಲದ ಥಂಡಿ ತಾಗದಂತೆ ಒಂದು ಹಲಗೆ. ಉಚ್ಚೆ, ಕಕ್ಕಸಿಗೆ ಮಾತ್ರ ಹೊರಗೆ, ಅದೂ ಹಗ್ಗ ಹಿಡಿದುಕೊಂಡೇ. ಕುತ್ತಿಗೆ ಪಟ್ಟಿಗೆ ಹಗ್ಗ ಬೇಡ, ಎದೆಗೆ ಹಾಕುವ ಬೆಲ್ಟಿಗೆ ಹಾಕಿ.

ಕರಿಯನನ್ನೂ ಹಾಗೇ ಇಟ್ಟರು. ಔಷಧಿ ಶುರುವಾದ ಐದನೇ ದಿನಕ್ಕೆ ಬಾಲ ಅಲ್ಲಾಡಿಸಲು ಶುರುಮಾಡಿದ. ಎಂಟನೇ ದಿನ ತಟ್ಟಿ ಕೆರೆದು ಕೂಗಿದ. "ಪಾಪ, ಆರಾಮಾಗಿದಾನಲ್ಲ" ಅಂತ ಒಂಬತ್ತನೇ ದಿನ ಮನೆಯ ಹುಡುಗ ಬಿಟ್ಟುಬಿಟ್ಟ. ತೋಟದ ಅಂಚಿನಲ್ಲಿ ಕಾಡುಕೋಳಿ ಕಂಡಿತು. ಕರಿಯ ಧರೆ ಹಾರಿದ. ಅಲ್ಲೇ ಕೂತ. ಹಿಂಗಾಲು ಏಳಲಿಲ್ಲ.

ಈ ಒಂಬತ್ತನೇ ದಿನವೇ ನನಗೆ ಯಾವಾಗಲೂ ಭಯ. ಔಷಧಿ ನೋವನ್ನು ತೆಗೆದಿರುತ್ತದೆ, ಒಳಗಿನ ಗಾಯ ಹಾಗೇ ಇರುತ್ತದೆ. ನೋವಿದ್ದಾಗ ನಾಯಿ ತಾನಾಗಿಯೇ ಸುಮ್ನೆ ಇರುತ್ತದೆ. ನೋವು ಹೋದ ಮೇಲೆ ಅದನ್ನು ಸುಮ್ನೆ ಇರಿಸುವ ಜವಾಬ್ದಾರಿ ನಿಮ್ಮದು. ಒಂದು ವಾರ ಜೋಪಾನ ಮಾಡಿದವರು ಇಲ್ಲಿ ಸೋಲುತ್ತಾರೆ.

ಕಾಲು ಪೂರ್ತಿ ಬಿದ್ದುಹೋದರೆ ಅದು ಗಂಟೆಗಳ ಲೆಕ್ಕದ ಕೆಲಸ. ನಾಳೆ ನೋಡೋಣ ಅನ್ನಬೇಡಿ. ಹಿಂಗಾಲಿನ ಬೆರಳನ್ನು ಬಲವಾಗಿ ಒತ್ತಿದಾಗ ನೋವು ಗೊತ್ತಾಗುತ್ತಿದೆಯೇ ಅಂತ ಡಾಕ್ಟರು ನೋಡುತ್ತಾರೆ. ಗೊತ್ತಾಗುತ್ತಿದ್ದರೆ, ಆಪರೇಷನ್ ಆದ ನಾಯಿಗಳಲ್ಲಿ ಹೆಚ್ಚಿನವು ಮತ್ತೆ ನಡೆಯುತ್ತವೆ. ಅದೂ ಹೋಗಿದ್ದರೆ ಸುಮಾರು ಅರ್ಧಕ್ಕರ್ಧ. ಬರೀ ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗಬಹುದು. ಸಾಗಿಸುವಾಗ ಮುಂಗಾಲಿನ ಕಂಕುಳಲ್ಲಿ ಹಿಡಿದು ನೇತಾಡಿಸಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ತೊಡೆಯ ಹಿಂದೆ, ಬೆನ್ನು ನೇರವಾಗಿರಲಿ. ದೊಡ್ಡ ನಾಯಿಯಾದರೆ ಹಲಗೆಯ ಮೇಲೆ ಜಾರಿಸಿಕೊಂಡು ಇಬ್ಬರು ಹಿಡಿಯಿರಿ. ನೋವಿನಲ್ಲಿ ಸಾಕಿದವರನ್ನೂ ಕಚ್ಚುತ್ತದೆ, ಮುಖ ಹತ್ತಿರ ತರಬೇಡಿ.

ಇಲ್ಲೊಂದು ಎಚ್ಚರಿಕೆ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದ ನಾಯಿಯ ಕಾಲು ಸೋತು, ದವಡೆ ಜೋತು, ಜೊಲ್ಲು ಸುರಿದು, ದನಿ ಬದಲಾಗಿದ್ದರೆ ಅದು ಬೆನ್ನುನೋವು ಆಗಿರದೆ ಇರಬಹುದು. ಬಾಯಿಗೆ ಕೈ ಹಾಕಬೇಡಿ. ದೂರದಲ್ಲಿ ಕೂಡಿಹಾಕಿ ಡಾಕ್ಟರಿಗೆ ತಿಳಿಸಿ.

ಕರಿಯನ ಬೆರಳಿಗೆ ನೋವು ಗೊತ್ತಾಗುತ್ತಿತ್ತು. ಆಪರೇಷನ್ ಮಾಡಿಸುವ ಸ್ಥಿತಿ ಆ ಮನೆಯಲ್ಲಿರಲಿಲ್ಲ. ಮತ್ತೆ ಮೊದಲಿನಿಂದ ಆರು ವಾರ ಕಟ್ಟುನಿಟ್ಟು. ಅವನಿಗೆ ಉಚ್ಚೆ ಹೊಯ್ಯಲು ಆಗುತ್ತಿರಲಿಲ್ಲ. ಹನಿಹನಿ ಸೋರುವುದನ್ನು ನೋಡಿ ಉಚ್ಚೆ ಹೋಗುತ್ತಿದೆ ಅಂತ ಮನೆಯವರು ಅಂದುಕೊಂಡಿದ್ದರು. ಅದು ಕೊಡ ತುಂಬಿ ಚೆಲ್ಲುವ ಹಾಗೆ, ಒಳಗೆ ಪೂರ್ತಿ ತುಂಬಿರುತ್ತದೆ. ಹೊಟ್ಟೆಯನ್ನು ಎರಡೂ ಅಂಗೈಯಿಂದ ಒತ್ತಿ ಖಾಲಿ ಮಾಡುವುದನ್ನು ಆ ಅಮ್ಮನಿಗೆ ತೋರಿಸಿಕೊಟ್ಟೆ. ಅಂದಾಜಿನಲ್ಲಿ ಮಾಡುವ ಕೆಲಸವಲ್ಲ ಅದು, ಕಲಿತೇ ಮಾಡಬೇಕು. ದಿನಕ್ಕೆ ನಾಲ್ಕು ಸಲ, ಕೊಟ್ಟಿಗೆ ಕೆಲಸದ ಮಧ್ಯೆ, ಅವರು ಮಾಡಿದರು. ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಿದರು. ಹಳೇ ಪಂಚೆಯನ್ನು ಹೊಟ್ಟೆಯ ಕೆಳಗೆ ಹಾಯಿಸಿ, ಹಿಂಭಾಗ ಎತ್ತಿ ಹಿಡಿದು ಹೊರಗೆ ನಡೆಸಿದರು. ಮೂರನೇ ವಾರ ಬಾಲದ ತುದಿ ಅಲ್ಲಾಡಿತು. ಎರಡು ತಿಂಗಳಿಗೆ ನಡೆದ, ಸ್ವಲ್ಪ ಓಲಾಡುತ್ತಾ.

ಆಮೇಲೆ ಹುಡುಗನೇ ಎರಡು ಅಡಿಕೆ ದಬ್ಬೆ ಜೋಡಿಸಿ, ಮೇಲೆ ಗೋಣಿ ಹೊಡೆದು ಜಗಲಿಗೆ ಇಳಿಜಾರು ಮಾಡಿದ. ಬಹಳ ಒಳ್ಳೆಯ ಉಪಾಯ ಅದು, ಖರ್ಚೂ ಇಲ್ಲ. ಒಳಗೆ ಕೆಂಪು ಸಿಮೆಂಟಿನ ನೆಲ ಜಾರುತ್ತದೆ, ಓಡಾಡುವ ದಾರಿಯಲ್ಲಿ ಚಾಪೆ ಹಾಸಿ. ಹಳೇ ಬೆನ್ನುನೋವಿನ ನಾಯಿಗೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಕಾವು ಕೊಡಬಹುದು. ಹೊಸದಾಗಿ ಪೆಟ್ಟಾಗಿದ್ದರೆ ಕಾವು ಬೇಡ. ತೂಕವನ್ನಂತೂ ಇಳಿಸಲೇಬೇಕು. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಒಂದೊಂದೇ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಪ್ರೀತಿಯಿಂದ ಹಾಕುವ ಆ ಮೂರನೇ ದೋಸೆ ನಿಲ್ಲಿಸಿ.

ಡಾಕ್ಟರ ಹತ್ತಿರ ಹೋಗುವ ಮೊದಲು ನಾಯಿ ನಡೆಯುವುದನ್ನು, ಮೆಟ್ಟಿಲು ಹತ್ತುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿಕೆಯಲ್ಲಿ ಅದು ನೋವನ್ನೇ ತೋರಿಸುವುದಿಲ್ಲ. ಯಾವತ್ತಿಂದ ಏನು ಬಿಟ್ಟಿದೆ, ಉಚ್ಚೆ ಹೇಗೆ, ಲಸಿಕೆ ಯಾವಾಗ ಹಾಕಿಸಿದ್ದು, ಇಷ್ಟು ಹೇಳಿ. ಮನೆಯಲ್ಲಿ ಏನಾದರೂ ಮಾತ್ರೆ ಕೊಟ್ಟಿದ್ದರೆ ಅದರ ಪಟ್ಟಿಯನ್ನೂ ಜೊತೆಗೆ ತನ್ನಿ. ಮುಚ್ಚಿಡಬೇಡಿ. ನಾವು ಬೈಯುವುದಿಲ್ಲ, ಮುಂದಿನ ಔಷಧಿ ಯಾವುದು ಅಂತ ಅದನ್ನು ನೋಡಿಯೇ ತೀರ್ಮಾನ ಮಾಡಬೇಕು.

ನಮಸ್ಕಾರ.