ನಿಂತ ಕಾರಿನ ಲಟಲಟ

ಕೇಳುಗರಿಗೆ ನಮಸ್ಕಾರ.

ಸಿಗ್ನಲ್‌ನಲ್ಲಿ ಕಾರು ನಿಂತಿದೆ. ಎಂಜಿನ್ ಓಡುತ್ತಲೇ ಇದೆ. ಎಲ್ಲಿಂದಲೋ ಲಟಲಟ ಅಂತ ಸದ್ದು. ಗಾಡಿ ಹೊರಟ ಕೂಡಲೇ ಮಾಯ. ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ಹಾಜರು. ಮೆಕ್ಯಾನಿಕ್ ಎದುರು ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಇವತ್ತು ಈ ಸದ್ದಿನ ಬೆನ್ನು ಹತ್ತೋಣ.

ಸದ್ದು ಎಲ್ಲಿಂದ ಬರುತ್ತಿದೆ ಅಂತಲೇ ಎಲ್ಲರೂ ಮೊದಲು ಹುಡುಕುತ್ತಾರೆ. ಏನು ಮಾಡಿದರೆ ಅದು ನಿಲ್ಲುತ್ತದೆ ಅಂತ ನೋಡಿ, ಬೇಗ ಸಿಗುತ್ತದೆ. ಯಾಕಂದರೆ ಇಲ್ಲಿ ಕಿವಿಯನ್ನು ನಂಬುವ ಹಾಗಿಲ್ಲ. ಸೈಲೆನ್ಸರ್ ಪೈಪು ಎಂಜಿನ್ನಿನಿಂದ ಹಿಂದಿನ ಬಂಪರ್ ತನಕ ಚಾಚಿಕೊಂಡಿರುತ್ತದೆ. ಮುಂದೆ ಹುಟ್ಟಿದ ಸದ್ದು ಡ್ರೈವರ್ ಸೀಟಿನ ಕೆಳಗೆ ಕೇಳಿಸಬಹುದು.

ನಿಂತಾಗಲೇ ಯಾಕೆ ಈ ಕಾಟ? ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಅದು ನಿಮಿಷಕ್ಕೆ ಸಾಮಾನ್ಯವಾಗಿ 700ರಿಂದ 900 ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ನಾದರೆ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತದೆ. 800 ಸುತ್ತು ಅಂದರೆ ಸೆಕೆಂಡಿಗೆ ಸುಮಾರು 27 ಹೊಡೆತ. ಈ ನಿಧಾನದ ಹೊಡೆತಕ್ಕೆ ಇಡೀ ಗಾಡಿ ಅದುರುತ್ತದೆ. ಎಲ್ಲೋ ಸಡಿಲವಾದ ಒಂದು ತಗಡು ಅದೇ ವೇಗಕ್ಕೆ ಅದುರಲು ಶುರುವಾಯಿತೋ, ಮುಗಿಯಿತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ವೇಗ ಬದಲಾಗಿ ತಗಡು ಸುಮ್ಮನಾಗುತ್ತದೆ. ಗುಣವಾಗಿದ್ದರಿಂದಲ್ಲ.

ಬಾನೆಟ್ ಎತ್ತುವ ಮೊದಲು ಕಾರಿನೊಳಗೆ ಒಮ್ಮೆ ಕೈಯಾಡಿಸಿ. ಬಾಗಿಲಿನ ಜೇಬಿನಲ್ಲಿ ಬಿದ್ದ ಚಿಲ್ಲರೆ, ಕನ್ನಡಕದ ಡಬ್ಬಿ, ಡಿಕ್ಕಿಯಲ್ಲಿ ಬಿಗಿ ತಪ್ಪಿದ ಜಾಕ್. ನಗಬೇಡಿ, ಇವೂ ಸದ್ದು ಮಾಡುತ್ತವೆ. ನಂಬರ್ ಪ್ಲೇಟನ್ನೂ ಒತ್ತಿ ನೋಡಿ.

ಆಮೇಲೆ ಗಾಡಿಯನ್ನು ಬಯಲಿಗೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಜೀವ ತೆಗೆಯುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಿರಿ. ತಿರುಗುವ ಬೆಲ್ಟು, ಫ್ಯಾನಿನ ಹತ್ತಿರ ಕೈ, ಸಡಿಲ ಬಟ್ಟೆ, ಬಿಟ್ಟ ಕೂದಲು ಹೋಗಬಾರದು.

ಈಗ ಒಂದು ಸಲಕ್ಕೆ ಒಂದೇ ಬದಲಾವಣೆ. ಎಸಿ ಆಫ್ ಮಾಡಿ. ಸದ್ದು ನಿಂತರೆ ಕಂಪ್ರೆಸರ್ ಮೇಲೆ ಅನುಮಾನ. ಆದರೆ ಅವಸರ ಬೇಡ. ಎಸಿ ಹಾಕಿದಾಗ ಎಂಜಿನ್ ಮೇಲಿನ ಭಾರವೂ ಬದಲಾಗುತ್ತದೆ, ಐಡ್ಲಿಂಗ್ ವೇಗವೂ ಬದಲಾಗಬಹುದು. ಅದಕ್ಕೇ ಬೇರೆ ಯಾವುದೋ ತಗಡು ಸುಮ್ಮನಾಗಿರಬಹುದು, ಅಲ್ವಾ? ಗೇರ್ ಗಾಡಿಯಾದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ. ಒತ್ತಿದಾಗ ಸದ್ದು ನಿಂತರೆ ಗೇರ್ ಬಾಕ್ಸ್ ಕಡೆ ನೋಡಬೇಕು. ಒತ್ತಿದಾಗಲೇ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ಇರಬಹುದು. ಆಟೋಮ್ಯಾಟಿಕ್ ಗಾಡಿಯಲ್ಲಿ ಬ್ರೇಕ್ ಗಟ್ಟಿಯಾಗಿ ತುಳಿದು ಡ್ರೈವ್‌ಗೆ ಹಾಕಿದಾಗ ಸ್ಟಿಯರಿಂಗ್ ಸಹಿತ ಜಾಸ್ತಿ ನಡುಗಿದರೆ, ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂರಿಸಿರುವ ಆಸರೆಯ ರಬ್ಬರ್ ಸತ್ತಿರಬಹುದು. ಮುಂದೆ ಯಾರೂ ನಿಂತಿರಬಾರದು, ನೆನಪಿರಲಿ.

ಇದ್ಯಾವುದಕ್ಕೂ ಬಗ್ಗದ, ತೆಳ್ಳನೆಯ ತಗಡಿನ ಸದ್ದಾದರೆ ನಾನು ಮೊದಲು ಅನುಮಾನ ಪಡುವುದು ಹೀಟ್ ಶೀಲ್ಡನ್ನು. ಸೈಲೆನ್ಸರ್ ಪೈಪಿನ ಬಿಸಿ ಗಾಡಿಯ ತಳಕ್ಕೆ ತಾಗದಿರಲಿ ಅಂತ ಹಾಕಿರುವ ತೆಳು ತಗಡು ಅದು. ಬಿಸಿ, ನೀರು, ಕೆಸರು ಎಲ್ಲವನ್ನೂ ತಿಂದು ಬೋಲ್ಟಿನ ಸುತ್ತ ತುಕ್ಕು ಹಿಡಿಯುತ್ತದೆ. ತಗಡಿನ ತೂತು ಅಗಲವಾಗುತ್ತಾ ಹೋಗಿ ಕೊನೆಗೆ ಬೋಲ್ಟಿನ ತಲೆಗಿಂತ ದೊಡ್ಡದಾಗುತ್ತದೆ. ಬೋಲ್ಟ್ ಇದ್ದಲ್ಲೇ ಗಟ್ಟಿಯಾಗಿದೆ, ತಗಡು ಮಾತ್ರ ಜೋತಾಡುತ್ತಿದೆ. ಮೇಲ್ಮೇಲೆ ನೋಡಿದವರಿಗೆ ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತದೆ.

ಇದನ್ನು ಹಿಡಿಯಲು ಎಂಜಿನ್ ಪೂರ್ತಿ ತಣ್ಣಗಾಗಬೇಕು. ಗಾಡಿಯ ಕೆಳಗೆ ಹೋಗಬೇಕಿದ್ದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ತಗಡನ್ನು ಮುಷ್ಟಿಯಿಂದ ಮೆಲ್ಲಗೆ ಗುದ್ದಿ. ಸಿಗ್ನಲ್‌ನಲ್ಲಿ ಕೇಳಿದ ಅದೇ ಸದ್ದು ಬಂತಾ? ಕಳ್ಳ ಸಿಕ್ಕಿದ. ತೂತು ಅಗಲವಾಗಿದ್ದರೆ ದೊಡ್ಡ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ಪೈಪನ್ನು ಸುತ್ತಿಕೊಂಡಿರುವ ಶೀಲ್ಡಾದರೆ ಉದ್ದನೆಯ ಸ್ಟೀಲ್ ಹೋಸ್ ಕ್ಲಿಪ್ ಸುತ್ತಿ ಸ್ಕ್ರೂ ತಿರುಗಿಸಿದರೆ ಸಾಕು. ಪ್ಲಾಸ್ಟಿಕ್ ಟ್ಯಾಗ್ ಕಟ್ಟಬೇಡಿ, ಕರಗಿ ಹೋಗುತ್ತದೆ. ಕಿತ್ತು ಬಿಸಾಕಿದರಾಯ್ತು ಅನ್ನುವವರೂ ಇದ್ದಾರೆ, ಅವರ ಮಾತು ಕೇಳಬೇಡಿ. ಕೆಳಗೆ ಒಣ ಹುಲ್ಲಿದ್ದರೆ ಬೆಂಕಿ ಹತ್ತಬಹುದು.

ಹತ್ತಿರದಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ತಗ್ಗಿಸುವ ಡಬ್ಬಿ ಇರುತ್ತದೆ. ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಕೇಳಿದರೆ ಒಳಗಿನ ಸೆರಾಮಿಕ್ ಒಡೆದಿದೆ. ಅದು ಮನೆಯ ರಿಪೇರಿಯಲ್ಲ. ಚೂರುಗಳು ಹೊಗೆಯ ದಾರಿ ಕಟ್ಟಿಬಿಟ್ಟರೆ ಗಾಡಿಗೆ ಎಳೆಯುವ ಶಕ್ತಿಯೇ ಇರುವುದಿಲ್ಲ.

ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಸೈಲೆನ್ಸರ್ ತೂಗು ಹಾಕುವ ರಬ್ಬರ್, ತಳದ ಪ್ಲಾಸ್ಟಿಕ್ ಕವರ್ ಇವನ್ನೂ ಒಮ್ಮೆ ನೋಡಿ. ಡೀಸೆಲ್ ಎಂಜಿನ್ನಿಗೆ ಅದರದ್ದೇ ಕಟಕಟ ಇರುತ್ತದೆ, ಅದನ್ನು ರೋಗ ಅಂದುಕೊಳ್ಳಬೇಡಿ.

ಆದರೆ ಸದ್ದು ಎಂಜಿನ್ ಒಳಗಿಂದಲೇ ಬಂದರೆ ಮಾತು ಬೇರೆ. ಮೊದಲು ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಕಡ್ಡಿ ಎಳೆದು ನೋಡಿ. ಎಷ್ಟೋ ಗಾಡಿಗಳಲ್ಲಿ ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಚೈನನ್ನು ಬಿಗಿಯಾಗಿ ಇಡುವುದು ಆಯಿಲ್ ಒತ್ತಡವೇ. ಆಯಿಲ್ ಕಡಿಮೆಯಾದರೆ ಚೈನ್ ಸಡಿಲವಾಗಿ ಬಡಿಯಬಹುದು. ವೇಗ ಹೆಚ್ಚಿಸಿದಂತೆ ಧಡಧಡ ಜೋರಾದರೆ, ಅಥವಾ ಕೆಂಪು ಆಯಿಲ್ ದೀಪ ಹೊತ್ತಿದರೆ, ಅಲ್ಲೇ ನಿಲ್ಲಿಸಿ ಗಾಡಿಯನ್ನು ಎಳೆಸಿಕೊಂಡು ಹೋಗಿ. ಗ್ಯಾರೇಜು ಹತ್ತಿರದಲ್ಲೇ ಇದೆ ಅಂತ ಓಡಿಸಿದರೆ ಎಂಜಿನ್ನೇ ಬಿಚ್ಚಬೇಕಾದೀತು.

ಮೆಕ್ಯಾನಿಕ್ ಹತ್ತಿರ ಹೋಗುವಾಗ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಎಸಿ ಹಾಕಿದರೆ ಏನಾಯಿತು, ಕ್ಲಚ್ ಒತ್ತಿದರೆ ಏನಾಯಿತು, ಎಲ್ಲ ಹೇಳಿ. ಬೆಳಗಿನ ತಣ್ಣನೆ ಸ್ಟಾರ್ಟಿಗೆ ಮಾತ್ರ ಬರುವ ಸದ್ದಾದರೆ ಹಿಂದಿನ ಸಂಜೆಯೇ ಗಾಡಿ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ಬೆಳಿಗ್ಗೆ ಅವರೇ ಕೀ ತಿರುಗಿಸಿ ಕೇಳಲಿ.

ನಮಸ್ಕಾರ.