ಬಸುರಿ ಮರಿಯಮ್ಮನ ಗುಡಾರ

ಕೇಳುಗರಿಗೆ ನಮಸ್ಕಾರ.

ರೇಡಿಯೋದಲ್ಲಿ ಚಿತ್ರದ ಬಗ್ಗೆ ಮಾತಾಡುವುದೆಂದರೆ ಹಸಿದವರ ಮುಂದೆ ಊಟದ ವರ್ಣನೆ ಮಾಡಿದ ಹಾಗೆ. ಹಾಗಾಗಿ ಇವತ್ತಿನ ಚಿತ್ರವನ್ನು ಕಣ್ಣಿನಿಂದಲ್ಲ, ಮೈಯಿಂದ ನೋಡೋಣ. ಸಾಧ್ಯವಾದರೆ ಎದ್ದು ನಿಲ್ಲಿ. ಎಡಗೈಯನ್ನು ಮಡಚಿ, ಅದರ ಹಿಂಬದಿಯನ್ನು ಸೊಂಟಕ್ಕೆ ಒತ್ತಿ ಹಿಡಿಯಿರಿ. ಹೊಟ್ಟೆಯನ್ನು ಸ್ವಲ್ಪ ಮುಂದಕ್ಕೆ ಬಿಡಿ. ಈಗ ಬಲಗೈಯನ್ನು ಹೊಟ್ಟೆಯ ಮೇಲೆ ಇಡಿ, ಬೆರಳುಗಳು ಮಾತ್ರ ತಾಗಲಿ. ದಿನ ತುಂಬುತ್ತಾ ಬಂದ ಬಸುರಿ ಬಹಳ ಹೊತ್ತು ನಿಂತಾಗ ತಾನಾಗಿಯೇ ಹೀಗೆ ನಿಲ್ಲುತ್ತಾಳೆ. ಸೊಂಟದ ಕೈ ಬೆನ್ನಿನ ನೋವಿಗೆ, ಹೊಟ್ಟೆಯ ಕೈ ಒಳಗಿನ ಮಗುವಿಗೆ.

ಇಟಲಿಯ ತೊಸ್ಕಾನಾ ಪ್ರಾಂತದಲ್ಲಿ, ಅರೆತ್ಸೊ ಮತ್ತು ಸಾನ್‌ಸೆಪೋಲ್ಕ್ರೊ ಪಟ್ಟಣಗಳ ನಡುವೆ ಮೊಂತೆರ್ಕಿ ಎಂಬ ಗುಡ್ಡದ ಊರಿದೆ. ಅಲ್ಲಿ ಹೀಗೆ ನಿಂತಿರುವವಳು ಯೇಸುವಿನ ತಾಯಿ ಮರಿಯಮ್ಮ. 1450ರ ದಶಕದ ಕೊನೆಯ ಹೊತ್ತಿಗೆ ಆಕೆಯನ್ನು ಗೋಡೆಯ ಮೇಲೆ ಬರೆದವನು ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ. ಅವನ ಸ್ವಂತ ಊರು ಪಕ್ಕದ ಸಾನ್‌ಸೆಪೋಲ್ಕ್ರೊ, ಅವನ ತಾಯಿಯ ತವರು ಇದೇ ಮೊಂತೆರ್ಕಿ. ಚಿತ್ರದ ಹೆಸರು 'ಮದೊನ್ನಾ ದೆಲ್ ಪಾರ್ತೊ', ಅಂದರೆ ಹೆರಿಗೆಯ ಮಾತೆ. ಎತ್ತರ ಸುಮಾರು 260 ಸೆಂಟಿಮೀಟರ್, ಅಗಲ 203.

ಬಸುರಿ ಮರಿಯಮ್ಮನನ್ನು ಬರೆಯಹೊರಟ ಯಾವ ಕಲಾವಿದನಿಗೂ ತೊಡಕು ಒಂದೇ. ಭಕ್ತರು ಕೈಮುಗಿಯಬೇಕಾದದ್ದು ಒಳಗಿರುವ ಮಗುವಿಗೆ, ಆದರೆ ಚಿತ್ರದಲ್ಲಿ ಕಾಣುವುದು ಹೊರಗಿನ ತಾಯಿ ಮಾತ್ರ. ಒಳಗಿರುವುದನ್ನು ತೋರಿಸುವುದು ಹೇಗೆ? ಪೂರ್ವದ ಗ್ರೀಕ್ ಮತ್ತು ರಷ್ಯನ್ ಸಂಪ್ರದಾಯದವರು ನೇರ ದಾರಿ ಹಿಡಿದರು. ಎರಡೂ ಕೈ ಮೇಲೆತ್ತಿ ಪ್ರಾರ್ಥಿಸುವ ಮರಿಯಮ್ಮ, ಎದೆಯ ಮೇಲೆ ದುಂಡನೆಯ ಪದಕದಂಥ ವೃತ್ತ, ಅದರೊಳಗೆ ಬಾಲಯೇಸು. ಅಲ್ಲಿ ಹೊಟ್ಟೆ ಉಬ್ಬುವುದೇ ಇಲ್ಲ, ಬಸಿರು ಒಂದು ಸಂಕೇತ ಅಷ್ಟೇ. ಜರ್ಮನ್ ಸೀಮೆಯವರದು ಇನ್ನೊಂದು ಬಗೆ. ಕಾನ್‌ಸ್ಟನ್ಸ್ ಸರೋವರದ ಹತ್ತಿರ ಕಾಥರೀನೆಂಟಾಲ್ ಎಂಬ ಸನ್ಯಾಸಿನಿಯರ ಮಠವಿತ್ತು. ಅಲ್ಲಿಗಾಗಿ 1310ರ ಆಸುಪಾಸಿನಲ್ಲಿ ಅಕ್ರೋಟು ಮರದಲ್ಲಿ ಕೆತ್ತಿ ಬಣ್ಣ, ಚಿನ್ನ ಹಚ್ಚಿದ ಒಂದು ಶಿಲ್ಪ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಮರಿಯಮ್ಮ ಮತ್ತು ಅವಳ ಬಂಧು, ಆಗ ತಾನೂ ಬಸುರಿಯಾಗಿದ್ದ ಎಲಿಜಬೇತಳು ಎದುರುಬದುರು ನಿಂತಿದ್ದಾರೆ. ಇಬ್ಬರ ಮೈಯಲ್ಲೂ ಮೊಟ್ಟೆಯಾಕಾರದ ಒಂದು ಪೊಟರೆ, ಅದರ ಮೇಲೆ ಸ್ಫಟಿಕದ ಮುಚ್ಚಳ. ಆ ಸ್ಫಟಿಕದ ಹಿಂದೆ ಮೊದಲು ಮಕ್ಕಳ ಪುಟ್ಟ ಚಿತ್ರಗಳು ಇದ್ದಿರಬಹುದು. ಗರ್ಭಕ್ಕೆ ಕಿಟಕಿಯನ್ನೇ ಇಟ್ಟರು ನೋಡಿ! ತೊಸ್ಕಾನಾದ ಹಿಂದಿನ ತಲೆಮಾರಿನವರು ಇಷ್ಟು ಧೈರ್ಯ ಮಾಡಲಿಲ್ಲ. ನೆಟ್ಟಗೆ ನಿಂತ ಮರಿಯಮ್ಮ, ಹೊಟ್ಟೆಯ ಮೇಲೆ ಎತ್ತಿ ಕಟ್ಟಿದ ನಡುಪಟ್ಟಿ, ಕೈಯಲ್ಲಿ ಪುಸ್ತಕ. ಪುಸ್ತಕ ಎಂದರೆ ದೇವರ ವಾಕ್ಯ, ಕ್ರೈಸ್ತರು ಯೇಸುವನ್ನೂ ದೇವರ ವಾಕ್ಯ ಎನ್ನುವುದರಿಂದ ಹೊಟ್ಟೆಯೊಳಗಿರುವುದೂ ದೇವರ ವಾಕ್ಯ, ಓದಬಲ್ಲವರಿಗೆ ಅಷ್ಟು ಸಾಕು.

ಮರಿಯಮ್ಮ ಎಲಿಜಬೇತಳನ್ನು ಕಾಣಲು ಹೋದ ಪ್ರಸಂಗದಲ್ಲಿ ಒಂದು ಲೆಕ್ಕದ ಗೊಂದಲವಿದೆ. ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ, ನೀನು ಬಸುರಿಯಾಗುವೆ ಎಂದು ಮರಿಯಮ್ಮನಿಗೆ ಹೇಳಲು ದೇವದೂತ ಬಂದಾಗ ಎಲಿಜಬೇತಳಿಗೆ ಆರು ತಿಂಗಳು. ಮರಿಯಮ್ಮ ಆಮೇಲೆ ಅವಸರದಿಂದ ಹೊರಟು ಅಲ್ಲಿಗೆ ಹೋಗುತ್ತಾಳೆ. ಅಂದರೆ ಅವಳಿಗೆ ಬಸಿರು ನಿಂತು ಕೆಲವೇ ದಿನ, ಹೊಟ್ಟೆ ಕಾಣುವ ಮಾತೇ ಇಲ್ಲ. ಆದರೂ ಚಿತ್ರಗಳಲ್ಲಿ ಇಬ್ಬರಿಗೂ ಹೊಟ್ಟೆ ಎದ್ದು ಕಾಣುತ್ತದೆ. ರೋಗಿಯರ್ ವಾನ್ ಡರ್ ವೈಡನ್ ಬರೆದ, ಈಗ ಲೈಪ್‌ಜಿಗ್‌ನಲ್ಲಿರುವ ಚಿತ್ರದಲ್ಲಂತೂ ಒಬ್ಬಳ ಹೊಟ್ಟೆಯ ಮೇಲೆ ಇನ್ನೊಬ್ಬಳ ಕೈ. ಇದನ್ನು ಕಲಾವಿದನ ತಪ್ಪು ಎನ್ನಲಾಗದು. ಆ ಕಥೆಯಲ್ಲಿ ಎಲಿಜಬೇತಳ ಹೊಟ್ಟೆಯೊಳಗಿನ ಮಗು ಯೋಹಾನ ಇನ್ನೊಂದು ಹೊಟ್ಟೆಯೊಳಗಿನ ಯೇಸುವನ್ನು ಗುರುತಿಸಿ ನಲಿದಾಡುತ್ತಾನೆ. ಎರಡೂ ಹೊಟ್ಟೆ ಕಾಣದಿದ್ದರೆ ಕಥೆಯೇ ಇಲ್ಲ.

ಇದಕ್ಕೆ ತಿರುಗುಮುರುಗಾದ ತಪ್ಪನ್ನು ನಾವು ನೋಡುಗರು ಮಾಡುತ್ತೇವೆ. ಹೊಟ್ಟೆ ಉಬ್ಬಿದ್ದ ಮಾತ್ರಕ್ಕೆ ಬಸುರಿ ಎಂದುಬಿಡುತ್ತೇವೆ. ಯಾನ್ ವಾನ್ ಐಕ್ 1434ರಲ್ಲಿ ಬರೆದ ಅರ್ನೋಲ್ಫಿನಿ ದಂಪತಿಯ ಚಿತ್ರದಲ್ಲಿ ಹಸಿರು ಉಡುಪಿನ ಹೆಂಗಸನ್ನು ಬಹಳ ಜನ ಬಸುರಿ ಎಂದೇ ನಂಬಿದ್ದಾರೆ. ಅಲ್ಲಿರುವುದು ರಾಶಿ ಬಟ್ಟೆ, ಆಕೆ ನಿರಿಗೆಯನ್ನು ಎತ್ತಿ ಹೊಟ್ಟೆಯ ಮುಂದೆ ಹಿಡಿದಿದ್ದಾಳೆ, ಅಷ್ಟೇ. ಅದೇ ಕಲಾವಿದ ಕನ್ಯೆಯಾದ ಸಂತ ಕ್ಯಾಥರೀನಳನ್ನೂ ಅದೇ ಆಕಾರದಲ್ಲಿ ಬರೆದಿದ್ದಾನೆ. ಅದು ಆ ಕಾಲದ ಫ್ಯಾಷನ್. ಆದ್ದರಿಂದ ಹೊಟ್ಟೆಯ ಗಾತ್ರ ನಂಬಬೇಡಿ, ಬಟ್ಟೆಯ ಹೊಲಿಗೆ ನೋಡಿ.

ಪಿಯೆರೊ ಗೆದ್ದದ್ದು ಅಲ್ಲೇ, ಹೊಲಿಗೆಯಲ್ಲಿ. ಮೊಂತೆರ್ಕಿಯ ಮರಿಯಮ್ಮ ಉಟ್ಟಿರುವುದು ನೀಲಿ ನಿಲುವಂಗಿ. ಅದರ ಮುಂಭಾಗದಲ್ಲಿ ಎದೆಯಿಂದ ಹೊಟ್ಟೆಯ ಕೆಳಗಿನವರೆಗೆ ಉದ್ದಕ್ಕೆ ಒಂದು ಸೀಳು ಬಾಯಿ ಬಿಟ್ಟಿದೆ, ಒಳಗಿನ ಬಿಳಿ ಬಟ್ಟೆ ಇಣುಕುತ್ತದೆ. ಪಕ್ಕೆಯಲ್ಲಿ ಇನ್ನೊಂದು ಸೀಳು. ಇದು ಹರಿದದ್ದಲ್ಲ, ಬಿಚ್ಚಿಕೊಂಡದ್ದು. ತಿಂಗಳು ತುಂಬುತ್ತಾ ಬಂದ ಹಾಗೆ ರವಿಕೆಯ ಪಕ್ಕದ ಹೊಲಿಗೆ ಬಿಚ್ಚಿ ಒಂದೊಂದು ಬೆರಳು ಸಡಿಲ ಮಾಡಿಕೊಳ್ಳುವುದು ನಮ್ಮ ಮನೆಗಳ ಹೆಂಗಸರಿಗೆ ಹೊಸದಲ್ಲ. ಬಲಗೈಯ ಬೆರಳುಗಳು ಇರುವುದು ಆ ಮುಂದಿನ ಸೀಳಿನ ಮೇಲೆಯೇ.

ಇನ್ನು ಸುತ್ತಲೂ ನೋಡಿ. ಆಕೆ ನಿಂತಿರುವುದು ದುಂಡನೆಯ ಗುಡಾರದೊಳಗೆ. ಎರಡು ಪಕ್ಕದಲ್ಲಿ ಎರಡು ದೇವದೂತರು ಗುಡಾರದ ಪರದೆಯನ್ನು ಸರಿಸಿ ಹಿಡಿದಿದ್ದಾರೆ. ಪರದೆಯ ಹೊರಮೈಗೆ ದಾಳಿಂಬೆಯ ಬೂಟಾ, ಒಳಮೈಗೆ ಚೌಕಚೌಕವಾಗಿ ಜೋಡಿಸಿದ ತುಪ್ಪಳದ ಅಸ್ತರು. ಈಗ ಪರದೆಯ ಬಾಯಿಯನ್ನೂ ಅಂಗಿಯ ಬಾಯಿಯನ್ನೂ ಜೊತೆಗೆ ನೋಡಿ. ಗುಡಾರ ತೆರೆದರೆ ತಾಯಿ, ತಾಯಿಯ ಅಂಗಿ ತೆರೆದರೆ ಬಿಳಿ ಬಟ್ಟೆ, ಅಲ್ಲಿಗೆ ನಿಲ್ಲುತ್ತದೆ. ಸ್ಫಟಿಕದ ಕಿಟಕಿ ಬೇಕಾಗಲಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಇಸ್ರಯೇಲರು ಮರಳುಗಾಡಿನಲ್ಲಿ ಒಡಂಬಡಿಕೆಯ ಮಂಜೂಷವನ್ನು, ಅಂದರೆ ದೇವರ ಆಜ್ಞೆಗಳ ಕಲ್ಲುಹಲಗೆಗಳಿದ್ದ ಪವಿತ್ರ ಪೆಟ್ಟಿಗೆಯನ್ನು, ಗುಡಾರದಲ್ಲಿ ಇಟ್ಟಿದ್ದರು. ಮರಿಯಮ್ಮನನ್ನು ಕ್ರೈಸ್ತರು ಒಡಂಬಡಿಕೆಯ ಮಂಜೂಷವೇ ಎಂದು ಕರೆದು ಪ್ರಾರ್ಥಿಸುತ್ತಾರೆ. ಪಂಡಿತರು ಈ ಗುಡಾರವನ್ನು ಹಾಗೆ ಓದುತ್ತಾರೆ, ಸರಿಯೇ. ಆದರೆ ಅದನ್ನು ಓದಿದ ಮೇಲೆ ಸೊಂಟದ ಮೇಲಿನ ಕೈಯನ್ನು ಮರೆತರೆ ಅರ್ಧ ಚಿತ್ರ ಕಳೆದುಕೊಂಡಂತೆ. ಮಂಜೂಷಕ್ಕೆ ಬೆನ್ನು ನೋಯುವುದಿಲ್ಲ.

ದೇವದೂತರ ವಿಷಯದಲ್ಲಿ ಒಂದು ಕಸುಬಿನ ಗುಟ್ಟಿದೆ. ಇಬ್ಬರೂ ಒಬ್ಬರೇ! ಪಿಯೆರೊ ಕಾಗದದ ಮೇಲೆ ಒಬ್ಬ ದೇವದೂತನನ್ನು ಪೂರ್ಣ ಅಳತೆಯಲ್ಲಿ ಬರೆದು, ಗೆರೆಗಳ ಮೇಲೆ ಸೂಜಿಯಿಂದ ತೂತು ಚುಚ್ಚಿದ. ಹಾಳೆಯನ್ನು ಗೋಡೆಗೆ ಹಿಡಿದು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿಚುಕ್ಕಿಯಾಗಿ ಗೆರೆ ಮೂಡುತ್ತದೆ. ತೂತಿನ ತಗಡಿಟ್ಟು ಅದರ ಮೇಲೆ ರಂಗೋಲಿ ಪುಡಿ ಸವರುತ್ತೇವಲ್ಲ, ಅದೇ ಉಪಾಯ. ಇನ್ನೊಂದು ಪಕ್ಕಕ್ಕೆ ಅದೇ ಹಾಳೆಯನ್ನು ಮಗುಚಿ ಹಿಡಿದ. ಒಬ್ಬನಿಗೆ ಹಸಿರು ಅಂಗಿ, ಕೆಂಪು ಕಾಲುಚೀಲ, ಇನ್ನೊಬ್ಬನಿಗೆ ಅದಲುಬದಲು. ಇದನ್ನು ಸೋಮಾರಿತನ ಎಂದರೆ ತಪ್ಪು. ಎರಡು ಬದಿ ಒಂದೇ ತೂಕದಲ್ಲಿ ಇದ್ದರೆ ಮಾತ್ರ ನಡುವಿನವಳು ತುಸು ಓರೆಯಾಗಿ ನಿಂತದ್ದು ಎದ್ದು ಕಾಣುವುದು.

ಗೋಡೆಯ ಕೆಲಸಕ್ಕೆ ಬರೋಣ. ಇದು ಹಸಿಗಾರೆಯ ಚಿತ್ರ. ಮೊದಲು ಒರಟು ಗಾರೆ, ಸುಮಾರು ಒಂದು ಸೆಂಟಿಮೀಟರ್ ದಪ್ಪ. ಅದರ ಮೇಲೆ ನಯವಾದ ಗಾರೆ, ನಾಲ್ಕೈದು ಮಿಲಿಮೀಟರ್. ಬಹಳ ದಿನ ನೀರಲ್ಲಿ ಕೊಳೆಸಿದ ಸುಣ್ಣ ಒಂದು ಪಾಲು, ಮರಳು ಎರಡು ಪಾಲು. ಸುಣ್ಣ ಹೆಚ್ಚಾದರೆ ಒಣಗುವಾಗ ಬಿರುಕು, ಮರಳು ಹೆಚ್ಚಾದರೆ ಉದುರುವುದು. ನಯಗಾರೆಯನ್ನು ಆ ದಿನ ಬರೆದು ಮುಗಿಸುವಷ್ಟೇ ಜಾಗಕ್ಕೆ ಬಳಿಯಬೇಕು. ಹಸಿ ಇರುವಾಗ ನೀರಲ್ಲಿ ಕಲಸಿದ ಬಣ್ಣ ಹಚ್ಚಿದರೆ, ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಹೊತ್ತು ಮೀರಿ ಹಚ್ಚಿದರೆ ಬಣ್ಣ ಮೇಲೆಯೇ ಕೂತು, ಕೈ ಸವರಿದರೆ ಪುಡಿಯಾಗಿ ಬರುತ್ತದೆ. ಮೇಲಿನಿಂದ ಕೆಳಕ್ಕೆ ಕೆಲಸ ಮಾಡಬೇಕು, ಇಲ್ಲದಿದ್ದರೆ ಮುಗಿದ ಭಾಗದ ಮೇಲೆ ನೀರು ತೊಟ್ಟಿಕ್ಕುತ್ತದೆ. ಸಂಜೆ ಉಳಿದ ಗಾರೆಯ ಅಂಚನ್ನು ಓರೆಯಾಗಿ ಕತ್ತರಿಸಿ ತೆಗೆಯಬೇಕು. ಪಕ್ಕದಿಂದ ಬೆಳಕು ಬಿಟ್ಟರೆ ಆ ಬೆಸುಗೆಗಳು ಕಾಣುತ್ತವೆ, ಅವನ್ನು ಎಣಿಸಿದರೆ ದಿನಗಳ ಲೆಕ್ಕ ಸಿಗುತ್ತದೆ. ಈ ಇಡೀ ಚಿತ್ರ ಏಳು ದಿನದ ಕೆಲಸ. ನೀಲಿಯ ಸಂಗತಿ ಬೇರೆ. ಅಫ್ಘಾನಿಸ್ತಾನದ ಗಣಿಯಿಂದ ಬರುತ್ತಿದ್ದ ಕಲ್ಲಿನ ದುಬಾರಿ ನೀಲಿಯನ್ನು ಆ ಕಾಲದವರು ಸಾಮಾನ್ಯವಾಗಿ ಗಾರೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚುತ್ತಿದ್ದರು. ಹಾಗಾಗಿ ಹಳೆಯ ಗೋಡೆಚಿತ್ರಗಳಲ್ಲಿ ಮೊದಲು ಉದುರುವುದು ಮರಿಯಮ್ಮನ ಬಟ್ಟೆಯೇ. ಮಂಗಳೂರಿನವರಿಗೆ ಈ ಕಸುಬು ಅಪರಿಚಿತವಲ್ಲ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೆನಿ, ಹಸಿಗಾರೆಯ ಚಿತ್ರ ಮತ್ತು ಕ್ಯಾನ್ವಾಸಿನ ಎಣ್ಣೆಬಣ್ಣ ಎರಡನ್ನೂ ಬಳಸಿದ್ದಾನೆ.

ಪಿಯೆರೊ ನಂತರ ಬಸುರಿ ಮರಿಯಮ್ಮ ಅಪರೂಪವಾದಳು. 1563ರ ಡಿಸೆಂಬರಿನಲ್ಲಿ ಕಥೋಲಿಕ ಧರ್ಮಗುರುಗಳ ಟ್ರೆಂಟ್ ಮಹಾಸಭೆ ಪೂಜಾಚಿತ್ರಗಳಲ್ಲಿ ಅಸಭ್ಯವಾದದ್ದು, ಗೊಂದಲ ಹುಟ್ಟಿಸುವುದು ಇರಬಾರದು ಎಂದು ಕಟ್ಟುಮಾಡಿತು. ಬಸಿರನ್ನು ಅದು ಹೆಸರಿಸಲಿಲ್ಲ, ಆದರೆ ಬಟ್ಟೆಯ ಸೀಳು ಬರೆಯುವ ಧೈರ್ಯ ಹೊರಟುಹೋಯಿತು. ಮೊಂತೆರ್ಕಿಯ ಚಿತ್ರವಿದ್ದ ಚರ್ಚಿನ ಬಹುಭಾಗವನ್ನು 1785ರಲ್ಲಿ ಸ್ಮಶಾನಕ್ಕಾಗಿ ಕೆಡವಿದರು. ಉಳಿದ ತುಂಡು ಸ್ಮಶಾನದ ಪ್ರಾರ್ಥನಾಮಂದಿರವಾಯಿತು, ಹೆರಿಗೆಯ ಮಾತೆ ಗೋರಿಗಳ ನಡುವೆ ಉಳಿದಳು. ಇದು ಪಿಯೆರೊನ ಕೈಕೆಲಸ ಎಂದು ಗುರುತಿಸಿದ್ದು 1889ರಲ್ಲಿ. 1911ರಲ್ಲಿ ಚಿತ್ರವನ್ನು ಗೋಡೆಯಿಂದ ಕಳಚಿ ತೆಗೆದರು, 1917ರಲ್ಲಿ ಅಲ್ಲಿ ಭೂಕಂಪವಾಯಿತು. 1990ರ ದಶಕದ ಆರಂಭದಲ್ಲಿ ದುರಸ್ತಿ ಮಾಡಿ ಊರಿನ ಹಳೆಯ ಶಾಲೆಯ ಕಟ್ಟಡದಲ್ಲಿ ಗಾಜಿನ ಹಿಂದೆ ಇಟ್ಟರು.

1954ರಲ್ಲಿ ಫ್ಲಾರೆನ್ಸಿನ ಪ್ರದರ್ಶನಕ್ಕೆ ಚಿತ್ರ ಬೇಕೆಂದಾಗ ಊರಿನವರು ಕೊಡಲಿಲ್ಲ. ಆ ಸುತ್ತಿನ ಬಸುರಿಯರು ಸುಖಪ್ರಸವಕ್ಕಾಗಿ ಹರಕೆ ಹೊತ್ತು ಬರುತ್ತಿದ್ದದ್ದು ಅವಳ ಬಳಿಗೇ. ಈಗ ಅದು ಮ್ಯೂಸಿಯಂ, ಒಳಗೆ ಹೋಗಲು ಟಿಕೆಟ್ ಇದೆ. ಬಸುರಿಯರಿಗೆ ಮಾತ್ರ ಇಲ್ಲ.