ಗಡುವು ಸಡಿಲಿಸಿ, ಮಟ್ಟ ಇಳಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರ ಹೆಸರಿನ ಮುಂದೆ ಯೋಜನಾ ನಿರ್ವಹಣೆಯ ಪಿಎಂಪಿ ಎಂದೋ ಹಣಕಾಸು ವಿಶ್ಲೇಷಣೆಯ ಸಿಎಫ್‌ಎ ಎಂದೋ ಮೂರು ಅಕ್ಷರ ಇರಬಹುದು. ಇನ್ನು ಕೆಲವರು ಆ ಮೂರು ಅಕ್ಷರಕ್ಕಾಗಿಯೇ ನಿದ್ದೆಗೆಟ್ಟು ಓದುತ್ತಿರಬಹುದು. ಅವನ್ನು ಕೊಡುವುದು ಸರ್ಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ, ಆ ವೃತ್ತಿಯವರ ಒಂದು ಸಂಘ. ಪರೀಕ್ಷೆ ನಡೆಸುತ್ತದೆ, ಪಾಸಾದವರಿಗೆ ಪ್ರಮಾಣಪತ್ರ ಕೊಡುತ್ತದೆ, ಕಾಲಕಾಲಕ್ಕೆ ನವೀಕರಿಸಿಕೊಳ್ಳಿ ಎನ್ನುತ್ತದೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಈಗ ಜಾಗತಿಕ ಪಿಡುಗು ಎಂದು ಸಾರಿತು. ಅದಾದ ಕೆಲವೇ ದಿನಗಳಲ್ಲಿ ಒಂದೊಂದಾಗಿ ಪರೀಕ್ಷಾ ಕೇಂದ್ರಗಳ ಬಾಗಿಲು ಮುಚ್ಚಿತು. ಶುಲ್ಕ ಕಟ್ಟಿ, ರಜೆ ಹಾಕಿ, ತಿಂಗಳುಗಟ್ಟಲೆ ಓದಿ ತಯಾರಾಗಿದ್ದವರು ಕೈಕಟ್ಟಿ ಕೂತರು.

ಆಗ ಸಂಘಗಳು ಏನು ಮಾಡಿದವು? ಚೆನ್ನಾಗಿ ನಿಭಾಯಿಸಿದವರೆಲ್ಲ ಮಾಡಿದ್ದು ಒಂದೇ: ಗಡುವು ಸಡಿಲಿಸಿದರು, ಮಟ್ಟ ಇಳಿಸಲಿಲ್ಲ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರಪಟ್ಟುಕೊಳ್ಳಬೇಡಿ.

ಹಣಕಾಸು ವಿಶ್ಲೇಷಕರ ಸಿಎಫ್‌ಎ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 1963ರಲ್ಲಿ ಶುರುವಾದ ಪರೀಕ್ಷೆ ಅದು, ಅಲ್ಲಿಂದ 2020ರವರೆಗೂ ಕಾಗದ, ಪೆನ್ಸಿಲ್, ದೊಡ್ಡ ಹಾಲು. 2020ರ ಜೂನ್ ಪರೀಕ್ಷೆ ರದ್ದಾಯಿತು, ಅಭ್ಯರ್ಥಿಗಳಿಗೆ ಮುಂದಿನ ದಿನಾಂಕ ಸಿಕ್ಕಿತು. 2021ರಲ್ಲಿ ಮೊದಲ ಹಂತದ ಪರೀಕ್ಷೆ ಕಂಪ್ಯೂಟರಿಗೆ ಬಂತು. ಫಲಿತಾಂಶ ನೋಡಿ. ಅದಕ್ಕೆ ಹಿಂದಿನ ಕೆಲವು ವರ್ಷ ನೂರಕ್ಕೆ ನಲವತ್ತು ಮಂದಿಯಾದರೂ ಪಾಸಾಗುತ್ತಿದ್ದ ಮೊದಲ ಹಂತದಲ್ಲಿ 2021ರ ಮೇ ತಿಂಗಳಲ್ಲಿ ಪಾಸಾದವರು 25, ಜುಲೈನಲ್ಲಿ 22. ಪರೀಕ್ಷೆ ಮುಂದೆ ಹೋಗುತ್ತಲೇ ಇದ್ದರೆ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಅದು ಸಹಜ. ಹಾಗಂತ ಕನಿಕರಪಟ್ಟು ಎಲ್ಲರನ್ನೂ ಒಳಗೆ ಬಿಡಬೇಕಿತ್ತೇ? ಖಂಡಿತ ಬೇಡ. ಹಾಗೆ ಬಿಟ್ಟಿದ್ದರೆ ಆ ವರ್ಷ ನಿಜವಾಗಿ ಓದಿ ಪಾಸಾದವನನ್ನೂ ಕೆಲಸ ಕೊಡುವವರು "ಓ, ನೀವು ಕೊರೊನಾ ಬ್ಯಾಚಾ?" ಎಂದು ಕೇಳುತ್ತಿದ್ದರು.

ಯೋಜನಾ ನಿರ್ವಹಣೆಯವರ ಸಂಘ ಪಿಎಂಐ ಇನ್ನೊಂದು ದಾರಿ ಹಿಡಿಯಿತು. 2020ರ ಏಪ್ರಿಲ್‌ನಲ್ಲೇ ಪಿಎಂಪಿ ಪರೀಕ್ಷೆಯನ್ನು ಮನೆಯಿಂದ ಬರೆಯಲು ಬಿಟ್ಟಿತು. ಇದನ್ನು ಹೇಳಿದ ಕೂಡಲೇ ಕೆಲವರು ಕಣ್ಣು ಮಿಟುಕಿಸುತ್ತಾರೆ: "ಹಾಗಾದರೆ ಪುಸ್ತಕ ಮಡಿಲಲ್ಲೇ ಇತ್ತು ಬಿಡಿ!" ಈ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಹಾಗೆ ಹೇಳುವವರಿಗೆ ನನ್ನ ಗೆಳೆಯನ ಕಥೆ ಹೇಳುತ್ತೇನೆ.

ಅವನು ಅನುಭವಿ ಎಂಜಿನಿಯರ್. ಪರೀಕ್ಷೆಗೆ ಅರ್ಧ ಗಂಟೆ ಮೊದಲೇ ಲಾಗಿನ್ ಆದ. ಮೊದಲು ಗುರುತಿನ ಚೀಟಿಯ ಫೋಟೊ. ಆಮೇಲೆ ಕೋಣೆಯ ನಾಲ್ಕೂ ದಿಕ್ಕಿನ ಫೋಟೊ. ಎಲ್ಲೋ ಕೂತ ಮೇಲ್ವಿಚಾರಕಿ ಒಂದೊಂದೇ ಆಜ್ಞೆ ಕೊಟ್ಟಳು: ಕೈಗಡಿಯಾರ ಬಿಚ್ಚಿ, ಎರಡನೇ ಮಾನಿಟರಿನ ವೈರ್ ಕಿತ್ತು ತೋರಿಸಿ, ಕನ್ನಡಕ ಕ್ಯಾಮೆರಾದ ಹತ್ತಿರ ಹಿಡಿಯಿರಿ, ಫೋನ್ ಕೈಗೆ ಸಿಗದಷ್ಟು ದೂರ ಇಡಿ. ಮೇಜಿನ ಮೇಲೆ ಬಿಳಿ ಹಾಳೆ, ಪೆನ್ನು ಕೂಡ ಇರುವಂತಿಲ್ಲ. ಲೆಕ್ಕ ಮಾಡಬೇಕಾದರೆ ಪರದೆಯ ಮೇಲೆ ಮೌಸಿನಿಂದ ಗೀಚಬೇಕು, ಐದು ಬರೆದರೆ ಆರರ ಹಾಗೆ ಕಾಣುತ್ತದೆ! ಹೊರಗೆ ಹೆಂಡತಿ ಕರೆಗಂಟೆಯ ಸ್ವಿಚ್ ಆರಿಸಿ ಬಾಗಿಲಿಗೆ ಕಾವಲು ಕೂತಿದ್ದರು. ಯಾರಾದರೂ ಒಳಗೆ ಕಾಲಿಟ್ಟರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಇವನಿಗೊಂದು ಅಭ್ಯಾಸ. ಓದುವಾಗ ತುಟಿ ಅಲ್ಲಾಡುತ್ತದೆ. ಏಳೆಂಟು ಪ್ರಶ್ನೆ ಆಗಿರಬೇಕು, ಪರದೆಯ ಮೂಲೆಯಲ್ಲಿ ಸಂದೇಶ: "ದಯವಿಟ್ಟು ಬಾಯಿಬಿಟ್ಟು ಓದಬೇಡಿ." ಗಾಬರಿಯಾಗಿ ಅಂಗೈಯನ್ನು ಬಾಯಿಗೆ ಒತ್ತಿಕೊಂಡ. ಕೂಡಲೇ ಎರಡನೇ ಸಂದೇಶ: "ದಯವಿಟ್ಟು ಬಾಯಿ ಮುಚ್ಚಿಕೊಳ್ಳಬೇಡಿ, ಮುಖ ಪೂರ್ತಿ ಕಾಣಬೇಕು." ಯೋಚಿಸಿ, ಇಡೀ ಜಗತ್ತು ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಕಾಲ, ಇವನೊಬ್ಬನಿಗೆ ಬಾಯಿ ಮುಚ್ಚಿಕೊಳ್ಳಬಾರದು ಎಂಬ ಅಪ್ಪಣೆ! ಉಳಿದ ಅಷ್ಟೂ ಹೊತ್ತು ಕೆಳತುಟಿ ಕಚ್ಚಿಕೊಂಡೇ ಬರೆದ. ಪಾಸಾದ. "ಪರೀಕ್ಷೆಗಿಂತ ತುಟಿಯನ್ನು ಹಿಡಿದಿಟ್ಟಿದ್ದೇ ಕಷ್ಟವಾಯಿತು ಮಾರಾಯ" ಎಂದ.

ಜಾಗ ಬದಲಾಯಿತು, ಪರೀಕ್ಷೆಯ ಬಿಗಿ ಬದಲಾಗಲಿಲ್ಲ. ಗಡುವು ಸಡಿಲ, ಮಟ್ಟ ಗಟ್ಟಿ. ಇದೇ ಪಿಎಂಐ 2020ರ ಜುಲೈಗೆ ಬರಬೇಕಿದ್ದ ಹೊಸ ಮಾದರಿಯ ಪರೀಕ್ಷೆಯನ್ನು 2021ರ ಜನವರಿಗೆ ಮುಂದೂಡಿತು. ಹಳೆಯ ಪಠ್ಯ ಓದಿಕೊಂಡವರಿಗೆ ಅರ್ಧ ವರ್ಷ ಹೆಚ್ಚು ಸಿಕ್ಕಿತು. ಒಂದು ಪ್ರಶ್ನೆಯನ್ನೂ ಸುಲಭ ಮಾಡದೆ ಮಾಡಿದ ಉಪಕಾರ ಇದು. "ಈ ಸಂಕಷ್ಟದ ಸಮಯದಲ್ಲಿ ನಾವು ನಿಮ್ಮ ಜೊತೆಗಿದ್ದೇವೆ" ಎಂದು ಇಮೇಲ್ ಕಳಿಸಿ ಸುಮ್ಮನಾದ ಸಂಘಗಳೂ ಇದ್ದವು, ಅವುಗಳ ಬಗ್ಗೆ ಮಾತಾಡಿ ನಿಮ್ಮ ಸಮಯ ಹಾಳು ಮಾಡುವುದಿಲ್ಲ.

ಕಥೆ ಸ್ವಲ್ಪ ಉದ್ದವಾಯಿತು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವಾರ್ಷಿಕ ಸಮ್ಮೇಳನಗಳು ನಿಂತವು, ಅವುಗಳ ಆದಾಯವೂ ನಿಂತಿತು. ಸಂಘಗಳು ಉಪನ್ಯಾಸಗಳನ್ನು ಆನ್‌ಲೈನ್‌ಗೆ ತಂದವು. ಪಿಎಂಪಿಯವರು ಮೂರು ವರ್ಷಕ್ಕೆ 60 ಅಂಕದಷ್ಟು ಕಲಿಕೆ ತೋರಿಸಬೇಕಲ್ಲ, ಅದಕ್ಕೆ ಮನೆಯಲ್ಲೇ ಕೂತು ಕೇಳಿದ ಉಪನ್ಯಾಸವೂ ನೆರವಾಯಿತು. ಕೈಕೆಲಸ ನೋಡಿಯೇ ಪ್ರಮಾಣಪತ್ರ ಕೊಡಬೇಕಾದ ಕಡೆ, ಪ್ರಥಮ ಚಿಕಿತ್ಸೆಯಂಥ ಕಡೆ, ಕ್ಯಾಮೆರಾ ಸಾಲದು. ಅಲ್ಲಿ ಹಳೆಯ ಪ್ರಮಾಣಪತ್ರದ ಅವಧಿ ಕೆಲವು ತಿಂಗಳು ವಿಸ್ತರಿಸಿದ್ದೇ ಸರಿಯಾದ ಕ್ರಮ.

ಸಂಘಗಳು ಸೋತದ್ದು ಒಂದು ಕಡೆ. ಕದ ಹಾಕಿಕೊಳ್ಳಲು ಬೇರೆ ಕೋಣೆ ಇಲ್ಲದವರು, ನೆಟ್‌ವರ್ಕ್ ನಿಲ್ಲದ ಕಡೆ ಇರುವವರು ಕಾಯುತ್ತಲೇ ಉಳಿದರು. ಮನೆ ಪರೀಕ್ಷೆ ಬಂತೆಂದು ಕೇಂದ್ರಗಳನ್ನು ಕಡಿಮೆ ಮಾಡುವ ಆಲೋಚನೆ ಯಾವ ಸಂಘಕ್ಕಾದರೂ ಇದ್ದರೆ ದಯವಿಟ್ಟು ಕೈಬಿಡಲಿ.

ಮತ್ತೆ, ಪ್ರಮಾಣಪತ್ರ ಇಟ್ಟುಕೊಂಡಿರುವವರು ನವೀಕರಣದ ದಿನಾಂಕ ಇವತ್ತೇ ಒಮ್ಮೆ ನೋಡಿಕೊಳ್ಳಿ. ಕೊರೊನಾ ಕಾಲದ ರಿಯಾಯಿತಿ ಈಗಲೂ ಇದೆ ಎಂದುಕೊಂಡು ಕೂರಬೇಡಿ. ನಮಸ್ಕಾರ.